ಡಬ್ಬಿ ಖಾಲಿ ಕಳಿಸುತ್ತಿದ್ದ ಹೊಸಮನಿ ಮೇಡಂ

ಹೊಸಮನಿ ಮೇಡಂ ತಮ್ಮ ಮನೆಯ ಗೇಟಿಗೆ ತಾವೇ ಒಳಗಿನಿಂದ ಕೀಲಿ ಹಾಕಿಕೊಳ್ಳುತ್ತಿದ್ದರು. ಭಾನುವಾರ ಮಧ್ಯಾಹ್ನ ಒಂದೂವರೆ ಅಂದರೆ ಒಂದೂವರೆ. ಹಾಕಿದ ಮೇಲೆ ಜಗ್ಗಿ ನೋಡಿ, ಕೀಲಿಕೈಯನ್ನು ಸೆರಗಿನ ತುದಿಗೆ ಗಂಟು ಕಟ್ಟಿ, ಸರಳುಗಳ ಆಚೆ ಬಿಸಿಲಲ್ಲಿ ನಿಂತ ನಮ್ಮಂಥ ತಾಯಂದಿರನ್ನು ಒಮ್ಮೆ ನೋಡುವರು. ಆ ನೋಟದಲ್ಲಿ ಸಿಟ್ಟಿರಲಿಲ್ಲ, ಕನಿಕರವೂ ಇರಲಿಲ್ಲ. ಬಸ್ ಸ್ಟ್ಯಾಂಡಿನ ಗಡಿಯಾರ ನಮ್ಮನ್ನು ನೋಡಿದ ಹಾಗಿರುತ್ತಿತ್ತು. ಆಮೇಲೆ ಯಾರು ಬಂದು ಬಡಿದರೂ ಗೇಟು ತೆಗೆಯುತ್ತಿರಲಿಲ್ಲ. ಒಂದು ಸಲ ಅವರ ಸ್ವಂತ ತಮ್ಮ ಹಮ್ಮಿಗಿಯಿಂದ ಜೋಳದ ಚೀಲ ತಂದವರು, ಒಳಗೆ ಪರೀಕ್ಷೆ ಮುಗಿಯುವ ತನಕ ಗೇಟಿನ ಹೊರಗೆ ಆ ಚೀಲದ ಮೇಲೇ ಕೂತು ನಿದ್ದೆ ಹೊಡೆದದ್ದನ್ನು ನಾನೇ ನೋಡಿದ್ದೇನೆ.

ಅದು ನಿಜವಾದ ಪರೀಕ್ಷೆಯಲ್ಲ. ನೀಟ್ ಬರೆಯುವ ಮಕ್ಕಳಿಗೆ ಅವರು ನಡೆಸುತ್ತಿದ್ದ ತಾಲೀಮು ಪರೀಕ್ಷೆ. ಆದರೆ ತಾಲೀಮು ಅನ್ನುವ ಮಾತನ್ನು ಅವರ ಮುಂದೆ ಆಡಲು ಯಾರಿಗೂ ಧೈರ್ಯವಿರಲಿಲ್ಲ.

ಮುಂಡರಗಿಯ ಪಿಯು ಕಾಲೇಜಿನಲ್ಲಿ ಜೀವಶಾಸ್ತ್ರ ಕಲಿಸಿ ನಿವೃತ್ತರಾದವರು. ಮದುವೆ ಮಾಡಿಕೊಂಡಿರಲಿಲ್ಲ, ಯಾಕೆಂದು ಕೇಳಿದವರನ್ನು ನಾನು ಕಂಡಿಲ್ಲ. ಬೆಟಗೇರಿಯಲ್ಲಿ ನಮ್ಮ ಓಣಿಯ ಹಿಂದಿನ ನೇಕಾರರ ಓಣಿಯಲ್ಲಿ ಮನೆ. ಎತ್ತರದ, ಒಣಗಿದ ತೊಗರಿಕಟ್ಟಿಗೆಯಂಥ ಮೈ. ಕೈಗಡಿಯಾರವನ್ನು ಮಣಿಕಟ್ಟಿನ ಒಳಮಗ್ಗುಲಿಗೆ ಕಟ್ಟುತ್ತಿದ್ದರು. ಕಾಲಿಗೆ ಬಟ್ಟೆಯ ಬೂಟು, ಹುಡುಗರ ನಡುವೆ ಓಡಾಡಿದರೆ ಸಪ್ಪಳ ಬರಬಾರದೆಂದು. ಪಾಠ ಮಾತ್ರ ಹೇಳುತ್ತಿರಲಿಲ್ಲ. ಯಾರಾದರೂ ಟ್ಯೂಷನ್ ಕೇಳಿಕೊಂಡು ಹೋದರೆ, “ಪಾಠ ಹೇಳಾಕ ಊರ ತುಂಬ ಮಂದಿ ಅದಾರ. ಕುಂಡ್ರಸಾಕ ಯಾರೂ ಇಲ್ಲ. ನಾ ಕುಂಡ್ರಸತೇನಿ” ಅನ್ನುವರು.

ಕೂಡ್ರಿಸುವುದೆಂದರೆ ಖರೇನ ಕೂಡ್ರಿಸುವುದು. ನಿಜವಾದ ಪರೀಕ್ಷೆ ಮೇ ತಿಂಗಳ ಭಾನುವಾರ ಮಧ್ಯಾಹ್ನ ಎರಡರಿಂದ ಐದರವರೆಗೆ ಇರುತ್ತದೆಂದು ಇವರದೂ ಭಾನುವಾರ ಎರಡರಿಂದ ಐದು. ಯಾವುದೋ ಮುಚ್ಚಿದ ಶಾಲೆಯ ಹಳೇ ಬೆಂಚುಗಳನ್ನು ತರಿಸಿ ಪಡಸಾಲೆಯಲ್ಲಿ ಹಾಕಿದ್ದರು. ಗೇಟಿನಲ್ಲೇ ತಪಾಸಣೆ. ಕಿವಿಯಲ್ಲಿ ಬೆಂಡೋಲೆ ಇರಬಾರದು, ಕೈಯಲ್ಲಿ ಬಳೆ ಇರಬಾರದು, ಅರ್ಧ ತೋಳಿನ ಅಂಗಿ, ಕಾಲಿಗೆ ಚಪ್ಪಲಿ. ಪೆನ್ನು ಕೂಡ ಅವರು ಕೊಟ್ಟದ್ದೇ. ಬಾಜೂ ಮನೆಯ ಮಗ್ಗಗಳು ಲಟಕ್ ಲಟಕ್ ಅನ್ನುತ್ತಿದ್ದರೂ ಕಿಟಕಿ ಮುಚ್ಚುತ್ತಿರಲಿಲ್ಲ. ಕರೆಂಟು ಹೋದರೆ ಫ್ಯಾನಿಗೆ ಇನ್ವರ್ಟರ್ ಹಚ್ಚುತ್ತಿರಲಿಲ್ಲ. ಒಬ್ಬ ತಾಯಿ ಗೇಟಿನಿಂದಲೇ ಕೂಗಿ ಕೇಳಿಕೊಂಡಾಗ, “ಇಲ್ಲೆ ಬೆವರಲಿ ಬಿಡ್ರಿ, ಅಲ್ಲೆ ಬೆವರೋದು ತಪ್ಪತೈತಿ” ಎಂದು ಒಳಗೆ ಹೋದರು. ಊಟದ ಮೇಲೂ ಅವರದೇ ಕಾನೂನು. ಮೊಸರನ್ನ ಉಂಡು ಬಂದವರು ಮೂರು ಗಂಟೆಗೆ ತೂಕಡಿಸುತ್ತಾರೆಂದು ಭಾನುವಾರ ನಮ್ಮ ಮನೆಗಳಲ್ಲಿ ಮೊಸರು ಬಂದ್ ಆಗಿತ್ತು. ಶುಭಕಾರ್ಯಕ್ಕೆ ಹೊರಟವರ ಬಾಯಿಗೆ ಮೊಸರು ಹಾಕಿ ಕಳಿಸುವ ಮನೆ ನಮ್ಮದು. ಅದನ್ನೂ ನುಂಗಿಕೊಂಡೆ.

ನಾನು ಓದಿದ್ದು ಎಸ್ಸೆಸ್ಸೆಲ್ಸಿ ತನಕ. ಬೆಳಿಗ್ಗೆ ಪೂಜೆ ಮಾಡಿ ಎದ್ದ ಮೇಲೆ ಹಿಂದಿನ ದಿನ ದೇವರು ತೋರಿಸಿದ ಸಣ್ಣ ಸಣ್ಣ ಕರುಣೆಗಳನ್ನು ಬೆರಳ ಮೇಲೆ ಎಣಿಸುವುದು ನನ್ನ ರೂಢಿ. ಹಾಲು ಒಡೆಯಲಿಲ್ಲ, ಬಸ್ಸಿನಲ್ಲಿ ನಮ್ಮವರಿಗೆ ಸೀಟು ಸಿಕ್ಕಿತು, ಮಗಳು ಎರಡು ರೊಟ್ಟಿ ಉಂಡಳು, ಇಂಥವೇ. ಆ ವರ್ಷ ಮಾತ್ರ ಬೆರಳುಗಳು ಬೇಗ ಮುಗಿಯುತ್ತಿರಲಿಲ್ಲ, ಎಣಿಸಲು ಏನಾದರೂ ಸಿಗಬೇಕಲ್ಲ.

ಮಗಳು ಪವಿತ್ರಾ ಮೊದಲ ಸಲ ನೀಟ್ ಬರೆದು ಸ್ವಲ್ಪದರಲ್ಲಿ ಸರಕಾರಿ ಸೀಟು ತಪ್ಪಿಸಿಕೊಂಡಿದ್ದಳು. ನಮ್ಮವರು ಲಕ್ಷ್ಮೇಶ್ವರದ ಬೀಜ-ಗೊಬ್ಬರದ ಅಂಗಡಿಯಲ್ಲಿ ಲೆಕ್ಕ ಬರೆಯುತ್ತಾರೆ. ಸರಕಾರಿ ಸೀಟಲ್ಲದೆ ಬೇರೆ ಸೀಟಿನ ಮಾತು ನಮ್ಮ ಮನೆಯಲ್ಲಿ ಏಳುವಂತೆಯೇ ಇರಲಿಲ್ಲ. “ಇನ್ನೊಂದು ವರ್ಷ. ಆಮ್ಯಾಲೆ ನನ್ನ ಕೇಳಬ್ಯಾಡ್ರಿ” ಅಂದರು. ಅಷ್ಟೇ ಅಂದದ್ದು. ಅಷ್ಟರಲ್ಲಿ ನನ್ನ ನಾದಿನಿ ಶಿರಹಟ್ಟಿಯಿಂದ ಒಂದು ಸಂಬಂಧ ತಂದು, ಹುಡುಗ ಒಳ್ಳೆಯವನು, ಒಂದು ವರ್ಷ ಕಾಯಲಿಕ್ಕೂ ತಯಾರಿದ್ದಾನೆ ಎಂದು ಹೇಳಿ ಹೋಗಿದ್ದಳು. ಕಾಯುವವರು ಮನೆಯ ಹೊರಗೆ ನಿಂತ ಹಾಗೆ ನನಗೇ ಅನ್ನಿಸುತ್ತಿತ್ತು. ಇನ್ನು ಪವಿತ್ರಾಳಿಗೆ ಹೇಗನ್ನಿಸಿರಬೇಕು?

ಹಾಗಾಗಿ ಅವಳನ್ನು ಹೊಸಮನಿ ಮೇಡಂ ಹತ್ತಿರ ಕರೆದುಕೊಂಡು ಹೋದೆ. ಮೊದಲ ದಿನವೇ ತಪಾಸಣೆಯಲ್ಲಿ ಸಿಕ್ಕಿಬಿದ್ದದ್ದು ಅವಳ ತೋಳಿನ ತಾಯಿತ. ಶಿರಹಟ್ಟಿ ಮಠದ ಗದ್ದಿಗೆಗೆ ಮುಟ್ಟಿಸಿ ನಾನೇ ಕಟ್ಟಿದ್ದು. ಮೇಡಂ ಅದನ್ನು ಕತ್ತರಿಯಿಂದ ಕತ್ತರಿಸಲಿಲ್ಲ, ಪಾಪ. ಗಂಟನ್ನು ಉಗುರಿನಿಂದ ನಿಧಾನ ಬಿಡಿಸಿ, ಕಣ್ಣಿಗೊತ್ತಿಕೊಂಡು, ಸರಳುಗಳ ಸಂದಿಯಿಂದ ನನ್ನ ಕೈಗೆ ಕೊಟ್ಟರು.

“ದೇವರಿಗೆ ಒಳಗ ಬಿಡಂಗಿಲ್ರಿ ಶಾಂತಕ್ಕಾರ. ಅಂವ ನಿಮ್ಮ ಜೋಡಿ ಹೊರಗ ಕುಂಡ್ರತಾನ. ನೀವು ಅವನ್ನ ಹಿಡಕೊಂಡು ಕುಂಡರ್ರಿ, ಅಕಿ ಬರೀಲಿ.”

ಅಂದಿನಿಂದ ಪ್ರತಿ ಭಾನುವಾರ ಆ ತಾಯಿತ ನನ್ನ ಮುಷ್ಟಿಯಲ್ಲಿರುತ್ತಿತ್ತು.

ನಮ್ಮ ಗದಗ-ಬೆಟಗೇರಿಯವರಿಗೆ ನೀರು ಬಂದ ದಿನವೆಂದರೆ ಏನೆಂದು ಹೇಳಬೇಕಾಗಿಲ್ಲ. ಹದಿನೈದು ದಿನಕ್ಕೊಮ್ಮೆ ಬಂದರೆ ಪುಣ್ಯ. ಅವತ್ತು ಮನೆಯಲ್ಲಿ ತುಂಬದ ಪಾತ್ರೆ ಇರಬಾರದು. ಕೊಡ, ಬಕೀಟು, ಹಂಡೆ ಆದ ಮೇಲೆ ತಂಬಿಗೆ, ಲೋಟ, ಒಗ್ಗರಣೆ ಸೌಟನ್ನೂ ಬಿಡುವುದಿಲ್ಲ ಎಂದು ನಮ್ಮವರು ನನ್ನನ್ನು ಚಾಷ್ಟಿ ಮಾಡುತ್ತಾರೆ. ಕಾರ್ತಿಕ ಮಾಸದ ಒಂದು ಭಾನುವಾರ, ಪವಿತ್ರಾ ಹೊರಡುವ ಹೊತ್ತಿಗೆ ಸರಿಯಾಗಿ ನಳಕ್ಕೆ ನೀರು ಬಂತು. ನಮ್ಮವರು ಊರಲ್ಲಿರಲಿಲ್ಲ. ಅವಳು ತಾನೇ ಸೆರಗು ಕಟ್ಟಿ, ಅಲ್ಲ, ವೇಲು ಸೊಂಟಕ್ಕೆ ಬಿಗಿದು, ಹಿತ್ತಲ ಹಂಡೆ ತುಂಬಿಸಿಯೇ ಓಡಿದಳು. ಹಿಂದೆ ನಾನೂ ಓಡಿದೆ. ನಾವು ಓಣಿಯ ತಿರುವು ದಾಟುವಾಗ ಮೇಡಂ ಕೀಲಿ ಜಗ್ಗಿ ನೋಡುತ್ತಿದ್ದುದು ಕಾಣಿಸಿತು.

ನಾನು ಸರಳು ಹಿಡಿದು ಬೇಡಿಕೊಂಡೆ. ತಪ್ಪು ನನ್ನದು, ನೀರು ಬಂದಿತ್ತು, ಹುಡುಗಿಯದೇನೂ ಇಲ್ಲ, ಇದೊಂದು ಸಲ ಎಂದು. ಉಳಿದ ತಾಯಂದಿರೂ ನನ್ನ ಪರವಾಗಿ ಹೇಳಿದರು. ಮೇಡಂ ಎಲ್ಲವನ್ನೂ ಪೂರ್ತಿ ಕೇಳಿದರು. ನಡುವೆ ಬಾಯಿ ಹಾಕುವ ಚಟ ಅವರಿಗಿರಲಿಲ್ಲ.

“ನೀರು ಹದಿನೈದು ದಿನಕ್ಕೊಮ್ಮಿ ಬರತಾವು, ಶಾಂತಕ್ಕಾರ. ಪರೀಕ್ಷಾ ವರ್ಷಕ್ಕೊಮ್ಮಿ ಬರತೈತಿ. ಮಗಳನ್ನ ಯಾವುದಕ್ಕ ನಿಲ್ಲಸಬೇಕು, ನೀವ ನೋಡ್ರಿ.”

ಗೇಟು ತೆಗೆಯಲಿಲ್ಲ. ಪವಿತ್ರಾ ಅಳಲಿಲ್ಲ. ಹೊರಗಿನ ಕಟ್ಟೆಯ ಮೇಲೆ ಐದು ಗಂಟೆಯವರೆಗೆ ಕೂತಳು, ನೀರಿನಿಂದ ಒದ್ದೆಯಾದ ಅವಳ ಸಲವಾರದ ಅಂಚು ಅಲ್ಲೇ ಒಣಗಿತು. ಪರೀಕ್ಷೆ ಮುಗಿದು ಎಲ್ಲ ಮಕ್ಕಳು ಹೊರಬಂದ ಮೇಲೆ ಆ ದಿನದ ಪೇಪರಾದರೂ ಕೊಡಿರೆಂದು ಕೇಳಿದರೆ ಅದನ್ನೂ ಕೊಡಲಿಲ್ಲ. ಹೋದದ್ದು ಹೋಯಿತು, ಮುಂದಿನ ವಾರ ಬಾ ಅಂದರು. ಆ ದಿನ ನನಗೆ ಅವರ ಮೇಲೆ ಬಂದ ಸಿಟ್ಟು ಸಣ್ಣದಲ್ಲ. ಆದರೆ ಮುಂದಿನ ಭಾನುವಾರ ಪವಿತ್ರಾ ಒಂದು ಗಂಟೆಗೇ ಹೋಗಿ ಆ ಕಟ್ಟೆಯ ಮೇಲೆ ಕೂತಿದ್ದಳು. ಅವಳು ಮತ್ತೆಂದೂ ತಡಮಾಡಲಿಲ್ಲ. ಅದೊಂದು ಕರುಣೆ ಎಂದು ನಾನು ಎಣಿಸಿದ್ದು ಬಹಳ ದಿನ ಕಳೆದ ಮೇಲೆ.

ಸಂಕ್ರಾಂತಿ ಬಂತು. ಮಕ್ಕಳ ಅಂಕಗಳು ವಾರವಾರ ಏರುತ್ತಿದ್ದವು, ಪವಿತ್ರಾಳದು ಮಾತ್ರ ಒಂದೇ ಕಡೆ ನಿಂತುಬಿಟ್ಟಿತ್ತು. ಓದುವುದರಲ್ಲಿ ಕಡಿಮೆ ಇರಲಿಲ್ಲ. ಮನೆಯಲ್ಲಿ ಕೇಳಿದರೆ ಎಲ್ಲ ಹೇಳುವಳು. ಬೆಂಚಿನ ಮೇಲೆ ಕೂತರೆ ಏನೋ ಆಗುತ್ತಿತ್ತು. ಒಂದು ಭಾನುವಾರ ಮೇಡಂ ನಮ್ಮಿಬ್ಬರನ್ನೂ ಒಳಗೆ ಕರೆದು ಅವಳ ಉತ್ತರದ ಹಾಳೆಯನ್ನು ಬೆಳಕಿಗೆ ಹಿಡಿದರು. ಆ ಹಾಳೆಯಲ್ಲಿ ಪ್ರತಿ ಪ್ರಶ್ನೆಗೆ ನಾಲ್ಕು ಸಣ್ಣ ಸೊನ್ನೆಗಳಿರುತ್ತವೆ, ಸರಿ ಅನ್ನಿಸಿದ ಒಂದನ್ನು ಪೆನ್ನಿನಿಂದ ಕಪ್ಪು ಮಾಡಬೇಕು. ಸರಿಯಾದರೆ ನಾಲ್ಕು ಅಂಕ ಬರುತ್ತವೆ, ತಪ್ಪಾದರೆ ಇದ್ದದ್ದರಲ್ಲಿ ಒಂದು ಕಳೆಯುತ್ತಾರೆ, ಮುಟ್ಟದೆ ಬಿಟ್ಟರೆ ಬರುವುದೂ ಇಲ್ಲ ಹೋಗುವುದೂ ಇಲ್ಲ. ಪವಿತ್ರಾಳ ಹಾಳೆಯಲ್ಲಿ ಬಿಟ್ಟ ಸಾಲು ಒಂದೂ ಇರಲಿಲ್ಲ.

ಮೇಡಂ ವಿವರಿಸಿ ಹೇಳಿದರು. ಗೊತ್ತಿಲ್ಲದ ಪ್ರಶ್ನೆ ಬಂದರೆ ಬಿಟ್ಟು ಮುಂದೆ ಹೋಗಬೇಕು. ಇವಳು ಹೋಗುವುದಿಲ್ಲ. ಫಿಜಿಕ್ಸಿನ ಒಂದು ಲೆಕ್ಕದ ಮುಂದೆ ಕೂತು ಕೂತು, ಅದನ್ನು ತುಂಬಿಯೇ ಏಳುತ್ತಾಳೆ. ಅಷ್ಟರಲ್ಲಿ ಜೀವಶಾಸ್ತ್ರಕ್ಕೆ, ನೀರು ಕುಡಿದ ಹಾಗೆ ಬರುವ ಜೀವಶಾಸ್ತ್ರಕ್ಕೆ, ಹೊತ್ತು ಉಳಿದಿರುವುದಿಲ್ಲ. ಕಡೆಗೆ ಗಂಟೆ ಹೊಡೆಯುವಾಗ ಕಣ್ಣು ಮುಚ್ಚಿ ತುಂಬುತ್ತಾಳೆ. ಪ್ರಶ್ನೆ ತೆಗೆಯುವವರು ಅವಸರದಲ್ಲಿದ್ದವರಿಗೆ ಯಾವುದು ಸರಿ ಎಂದು ಕಾಣುತ್ತದೋ ಅದನ್ನೇ ತಪ್ಪು ಉತ್ತರವಾಗಿ ಇಟ್ಟಿರುತ್ತಾರೆ. “ನಾನೂ ಇಡತೇನಿ. ಹಕ್ಕಿಗೆ ಬಲಿ ಹಾಕಿದಂಗ ಅದು. ನಿಮ್ಮ ಮಗಳು ಎಲ್ಲಾ ಬಲಿಯೊಳಗೂ ಒಂದೊಂದು ಕಾಲು ಇಟ್ಟು ಬಂದಾಳ” ಅಂದರು.

ಯಾಕೆ ಬಿಡುವುದಿಲ್ಲ ಎಂದು ಪವಿತ್ರಾಳನ್ನು ಕೇಳಿದರು. ಅವಳು ತಲೆ ತಗ್ಗಿಸಿ, “ಖಾಲಿ ಬಿಡಾಕ ಕೈ ಬರವಲ್ದ್ರಿ ಮೇಡಂ” ಅಂದಳು.

ಅದೇ ವಾರ ಒಂದು ಸಂಜೆ ಮೇಡಂ ನಮ್ಮ ಮನೆಗೆ ಬಂದರು. ಹಿಂದೆಂದೂ ಬಂದವರಲ್ಲ. ನನಗೆ ಏನು ಮಾಡಬೇಕೆಂದು ತಿಳಿಯದೆ ಅವಲಕ್ಕಿ ಹಚ್ಚಿದೆ, ಚಹಾ ಇಟ್ಟೆ. ಅವರು ಪಡಸಾಲೆಯಲ್ಲಿ ಕೂಡ್ರದೆ ಸೀದಾ ಅಡಿಗೆ ಮನೆಗೆ ಬಂದು, ಹಿಂದಿನ ದಿನ ನೀರು ಬಂದಿದ್ದರಿಂದ ಸಾಲಾಗಿ ತುಂಬಿಟ್ಟ ಪಾತ್ರೆಗಳನ್ನು ನೋಡಿದರು. ಲೋಟಗಳನ್ನೂ ನೋಡಿದರು. ಹೊರಡುವಾಗ ನಾನು ಒಂದು ಸ್ಟೀಲ್ ಡಬ್ಬಿಯಲ್ಲಿ ಶೇಂಗಾ ಹೋಳಿಗೆ ಹಾಕಿ ಕೊಟ್ಟೆ. ಆಗ ಬಾಜೂ ಮನೆಯ ನಿಂಗವ್ವಕಾಕುವಿನ ಬಟ್ಟಲೊಂದು ಗೋಡೆಯ ಮಾಡದಲ್ಲಿತ್ತು. ಉಪ್ಪಿನಕಾಯಿ ಕೊಟ್ಟು ಕಳಿಸಿದ್ದು. ಅದನ್ನು ತಿರುಗಿ ಕೊಟ್ಟು ಬಾ ಎಂದು ಪವಿತ್ರಾಳಿಗೆ ಹೇಳಿದೆ. ಹೇಳುತ್ತಲೇ, ಎಂದಿನಂತೆ, ಅದರಲ್ಲಿ ಒಂದು ಮುಷ್ಟಿ ಸಕ್ಕರೆ ಹಾಕಿದೆ.

ಮೇಡಂ ಬಾಗಿಲಲ್ಲಿ ನಿಂತುಬಿಟ್ಟರು. ಸಕ್ಕರೆ ಯಾಕೆ ಎಂದು ಕೇಳಿದರು. ಯಾರ ಮನೆಯ ಪಾತ್ರೆಯನ್ನೂ ಖಾಲಿ ಕಳಿಸಬಾರದಲ್ಲ, ಏನೂ ಇಲ್ಲದಿದ್ದರೆ ನಾಲ್ಕು ಕಾಳು ಸಕ್ಕರೆಯನ್ನಾದರೂ ಹಾಕಬೇಕಲ್ಲ, ನಮ್ಮ ಅತ್ತೆ ಹಾಗೆ ಮಾಡುತ್ತಿದ್ದರು, ಅವರ ಅತ್ತೆಯೂ ಎಂದೆ. ಇಂಥದ್ದು ಗೊತ್ತಿಲ್ಲದವರು ನಮ್ಮ ಕಡೆ ಇದ್ದಾರೆಯೇ ಎಂದು ನನಗೆ ಆಶ್ಚರ್ಯ. ಮೇಡಂ ನಕ್ಕರು. ಅವರು ನಕ್ಕದ್ದನ್ನು ನಾನು ಮೊದಲ ಸಲ ನೋಡಿದೆ. ಮೇಲಿನ ಒಂದು ಹಲ್ಲು ಬಿದ್ದಿತ್ತು.

“ಇದು ಹುಡುಗಿ ತಪ್ಪಲ್ರಿ. ಇದು ಮನಿತನದ ತಪ್ಪು. ಮನಿ ನಡಸಾಕ ಚೊಲೋ ಐತಿ, ಪರೀಕ್ಷಾಕ್ಕ ಬರಂಗಿಲ್ಲ” ಅಂದರು.

ಮುಂದಿನ ಭಾನುವಾರ ಪರೀಕ್ಷೆ ಮುಗಿದ ಮೇಲೆ ಎಲ್ಲ ತಾಯಂದಿರ ಎದುರು, ಪವಿತ್ರಾಳ ಎದುರು, ಮೇಡಂ ನನ್ನ ಡಬ್ಬಿ ತಂದು ಕೊಟ್ಟರು. ಮುಚ್ಚಳ ತೆಗೆದು ತೋರಿಸಿದರು. ಒಳಗೆ ಏನೂ ಇರಲಿಲ್ಲ. ತೊಳೆದು, ಒರೆಸಿ, ಬೆಳ್ಳಿಯ ಹಾಗೆ ಹೊಳೆಯುವ ಹಾಗೆ ಮಾಡಿ, ಖಾಲಿ. ನನ್ನ ಮುಖ ಸಣ್ಣದಾಯಿತು. ಮುತ್ತೈದೆ ಕೈಗೆ ಖಾಲಿ ಡಬ್ಬಿ ಕೊಡುವುದೇ? ಪಕ್ಕದಲ್ಲಿದ್ದವಳು ಕೆಮ್ಮಿದಳು. ನಾನು ಡಬ್ಬಿ ಇಸಿದುಕೊಂಡು ಹೊರಟಾಗ ಮೇಡಂ ಹಿಂದಿನಿಂದ ಹೇಳಿದ್ದು ಪವಿತ್ರಾಳಿಗೆ. “ನೋಡಿದೆಲ್ಲ? ಖಾಲಿ ಕೊಟ್ಟೆ. ಆಕಾಶ ಬಿತ್ತೇನು?”

ಅಷ್ಟಕ್ಕೇ ಬಿಡಲಿಲ್ಲ. ಒಂದು ಮುಚ್ಚಳದ ಬಟ್ಟಲಲ್ಲಿ ತಾವು ಮಾಡಿದ ಅಗಸಿ ಚಟ್ನಿ ಕಳಿಸಿ, ಬಟ್ಟಲನ್ನು ಖಾಲಿಯಾಗಿ ತಿರುಗಿಸಬೇಕು, ಮಗಳು ನೋಡುವ ಹಾಗೆ ನೀವೇ ತಂದು ಕೊಡಬೇಕು ಎಂದು ಹೇಳಿ ಕಳಿಸಿದರು. ಇದೊಂದು ಹುಚ್ಚು ಎಂದುಕೊಂಡೆ. ಆದರೂ ಮಗಳ ಸಲುವಾಗಿ ಬಟ್ಟಲು ತೊಳೆದೆ. ಭಾನುವಾರ ಹೊರಡುವಾಗ ಕೈ ತಡೆಯಲಿಲ್ಲ, ತಳಕ್ಕೆ ಚಿಟಿಕೆ ಸಕ್ಕರೆ ಉದುರಿಸಿದೆ, ಯಾರಿಗೆ ಕಾಣುತ್ತದೆ ಎಂದು. ಮೇಡಂ ಬೆರಳು ಹಚ್ಚಿ ನಾಲಿಗೆಗೆ ಇಟ್ಟು ನೋಡಿದರು.

“ಶಾಂತಕ್ಕಾರ, ಮೈನಸ್ ಒಂದು.”

ಗೇಟಿನ ಹೊರಗಿದ್ದವರೆಲ್ಲ ನಕ್ಕರು. ಬಟ್ಟಲು ಮತ್ತೆ ಚಟ್ನಿ ತುಂಬಿಕೊಂಡು ಬಂತು. ಅದರ ಮುಂದಿನ ವಾರ ಸಕ್ಕರೆ ಹಾಕಲಿಲ್ಲ, ಒಂದು ಬಿಲ್ವದ ಎಸಳು ಇಟ್ಟೆ. ಪೂಜೆಯ ಎಸಳು, ದೇವರದು, ಇದಕ್ಕೇನೂ ಅನ್ನಲಾರರು ಎಂಬ ಧೈರ್ಯ. ಅವರು ಎಸಳನ್ನು ತೆಗೆದು ಕಣ್ಣಿಗೊತ್ತಿ ಸೆರಗಿನಲ್ಲಿ ಇಟ್ಟುಕೊಂಡರು. “ದೇವರ ಹೆಸರಲೆ ತುಂಬಿದ್ರೂ ತಪ್ಪಂದ್ರ ತಪ್ಪ ರೀ. ಮೈನಸ್ ಎರಡು.” ಈ ಸಲ ಪವಿತ್ರಾ ಕೂಡ ನಕ್ಕಳು. ನನ್ನ ಮಗಳು ಬೆಂಚಿನ ಮೇಲೆ ಮೂರು ತಾಸು ಹೇಗಿರುತ್ತಾಳೆ ಎಂಬುದು ನನಗೆ ಆವಾಗ ತಿಳಿಯಿತು. ಸಾಲು ಖಾಲಿ ಕಾಣುತ್ತಿದೆ, ಬಿಡಬೇಕು ಎಂದು ಬುದ್ಧಿ ಹೇಳುತ್ತಿದೆ, ಕೈ ತಾನಾಗಿಯೇ ಹೋಗುತ್ತಿದೆ.

ಮೂರನೆಯ ವಾರ ನಾನು ಅಡಿಗೆ ಮನೆಯಲ್ಲಿ ಬಟ್ಟಲು ಹಿಡಿದು ನಿಂತೆ. ಸಕ್ಕರೆ ಡಬ್ಬಿ ಕೈಗೆ ಸಿಗುವಷ್ಟು ದೂರದಲ್ಲಿತ್ತು. ಪವಿತ್ರಾ ಹೊಸ್ತಿಲ ಮೇಲೆ ನಿಂತು ನನ್ನನ್ನೇ ನೋಡುತ್ತಿದ್ದಳು. ಅವಳ ಕಣ್ಣು ನನ್ನ ಮುಖದ ಮೇಲಿರಲಿಲ್ಲ, ನನ್ನ ಬಲಗೈ ಮೇಲಿತ್ತು. ಈ ಕೈ ಈಗ ಹೋದರೆ ಎರಡು ಗಂಟೆಗೆ ಅವಳ ಕೈಯೂ ಹೋಗುತ್ತದೆ ಎಂದು ನನಗೆ ಯಾರೂ ಹೇಳಬೇಕಾಗಿರಲಿಲ್ಲ. ಶಿವನೇ, ಅತ್ತೆಯವರೇ, ತಪ್ಪಾದರೆ ನನ್ನ ಮೇಲಿರಲಿ ಅಂದುಕೊಂಡು ಮುಚ್ಚಳ ಹಾಕಿಬಿಟ್ಟೆ. ಬಟ್ಟಲು ಹಗುರಾಗಿತ್ತು. ದಾರಿಯುದ್ದಕ್ಕೂ ಅದು ಭಾರವಾಗಿದ್ದರೆ ಎಷ್ಟು ಚೊಲೋ ಇತ್ತು ಅನ್ನಿಸುತ್ತಿತ್ತು. ಗೇಟಿನಲ್ಲಿ ಮೇಡಂ ಮುಚ್ಚಳ ತೆಗೆದರು, ಬೆರಳು ಆಡಿಸಿದರು, ಬಟ್ಟಲನ್ನು ಬೋರಲು ಮಾಡಿ ತಟ್ಟಿದರು. “ಆತು” ಅಂದರು. ಅಷ್ಟೇ. ಅವರ ಬಾಯಲ್ಲಿ ‘ಆತು’ ಎಂಬುದು ಉಳಿದವರ ಬಾಯಲ್ಲಿ ಹಾರ ಹಾಕಿದ ಹಾಗೆ.

ಅಂದು ಸಂಜೆ ಪವಿತ್ರಾ ಹೊರಬಂದು, ನಾಲ್ಕು ಬಿಟ್ಟೆ ಅವ್ವಾ, ಬಿಟ್ಟು ಹೊಳ್ಳಿ ನೋಡಲಿಲ್ಲ ಅಂದಳು. ಜೀವಶಾಸ್ತ್ರಕ್ಕೆ ಹೊತ್ತು ಉಳಿದಿತ್ತಂತೆ. ಅಂಕದ ಕಲ್ಲು ಅಲ್ಲಿಂದ ಕದಲಿತು. ನಡುವೆ ಒಂದೆರಡು ವಾರ ಅಂಜಿ, ಗೊತ್ತಿದ್ದವನ್ನೂ ಬಿಟ್ಟು ಬಂದಳು. ಆಗ ಮೇಡಂ, ಬಿಡುವುದು ಬೇರೆ, ಓಡಿಹೋಗುವುದು ಬೇರೆ ಎಂದು ಎರಡು ಪಟ್ಟು ಬೈದರು. ಅದೂ ದಾರಿಗೆ ಬಂತು. ಡಬ್ಬಿ, ಬಟ್ಟಲುಗಳ ಓಡಾಟ ಮಾತ್ರ ನಿಲ್ಲಲಿಲ್ಲ. ನಾನು ತುಂಬಿ ಕೊಡುವುದು, ಅವರು ಖಾಲಿ ಕಳಿಸುವುದು, ಅವರು ತುಂಬಿ ಕಳಿಸುವುದು, ನಾನು ಖಾಲಿ ಕೊಡುವುದು. ನಿಂಗವ್ವಕಾಕು, ಆ ಮೇಡಂ ಜೋಡಿ ಜಗಳಾಡೀಯೇನು, ಬರೀ ಡಬ್ಬಿ ಹಿಡಕೊಂಡು ಅಡ್ಡಾಡತಿ ಎಂದು ಕೇಳಿದರು.

ಏಪ್ರಿಲ್ ಬಂತು. ಯುಗಾದಿ ಆದ ಮೇಲೆ ಮೇಡಂ ಗೇಟಿನ ಹತ್ತಿರ ಕುರ್ಚಿ ಹಾಕಿಸಿಕೊಳ್ಳಲು ಶುರು ಮಾಡಿದರು. ತಪಾಸಣೆ ಕೂತೇ ಮಾಡುವರು. ಎರಡು ಮಾತಿಗೊಮ್ಮೆ ಉಸಿರು ತೆಗೆದುಕೊಳ್ಳುವರು. ಕೇಳಿದರೆ ಬಿಸಿಲು ಅನ್ನುವರು. ನಿಜವಾದ ಪರೀಕ್ಷೆಗೆ ಮುಂಚಿನ ಕಡೆಯ ಭಾನುವಾರ ಒಂದೂವರೆಗೆ ಅವರು ಎದ್ದರು, ಕೀಲಿಗೆ ಕೈ ಹಾಕಿದರು, ಹಾಕಲು ಆಗಲಿಲ್ಲ. ಕೀಲಿಕೈಯನ್ನು ಸರಳಿನ ಸಂದಿಯಿಂದ ನನ್ನ ಕೈಗೆ ಕೊಟ್ಟು, “ಹೊರಗಿಂದ ನೀವ ಹಾಕ್ರಿ, ಶಾಂತಕ್ಕಾರ. ಜಗ್ಗಿ ನೋಡ್ರಿ ಮತ್ತ” ಅಂದರು. ಹಾಕಿದೆ. ಜಗ್ಗಿ ನೋಡಿದೆ. ಆ ಮೂರು ತಾಸು ಒಂದು ಮುಷ್ಟಿಯಲ್ಲಿ ತಾಯಿತ, ಇನ್ನೊಂದರಲ್ಲಿ ಆ ಕೀಲಿಕೈ ಹಿಡಿದು ಕೂತೆ. ಒಳಗಿನಿಂದ ಅವರ ಕೆಮ್ಮು ಕೇಳಿಸುತ್ತಿತ್ತು, ಮಗ್ಗದ ಸಪ್ಪಳದ ನಡುವೆ. ಮರುದಿನ ಅವರ ತಮ್ಮ ಬಂದು ಅವರನ್ನು ಹಮ್ಮಿಗಿಗೆ ಕರೆದುಕೊಂಡು ಹೋದರು.

ಪರೀಕ್ಷೆಯ ದಿನ ಪವಿತ್ರಾಳ ಸೆಂಟರ್ ಗದಗಿನಲ್ಲೇ ಬಂದದ್ದು ಒಂದು ಕರುಣೆ. ತೋಳಿನ ತಾಯಿತವನ್ನು ಮನೆಯಲ್ಲೇ ಬಿಚ್ಚಿ ನಾನು ಹಿಡಿದುಕೊಂಡಿದ್ದೆ. ಅವಳು ಗೇಟು ದಾಟುವಾಗ ಹಿಂದೆ ತಿರುಗಿ ನನ್ನ ಮುಷ್ಟಿಯನ್ನು ನೋಡಿ ಒಳಗೆ ಹೋದಳು. ಅಲ್ಲಿಯೂ ಒಂದೂವರೆಗೆ ಗೇಟು ಮುಚ್ಚಿತು. ಮುಚ್ಚಿದ ಮೇಲೆ ಒಬ್ಬ ಹುಡುಗ ಅಪ್ಪನ ಮೋಟಾರ್ ಸೈಕಲ್ಲಿನ ಮೇಲೆ ಬಂದು ಸರಳು ಹಿಡಿದು ಅತ್ತ. ಅವನ ಅಪ್ಪ ಕೈ ಮುಗಿದ. ಕಾವಲಿನವರು ತಲೆ ಅಲ್ಲಾಡಿಸಿದರು. ನನಗೆ ಅಲ್ಲಿ ನಿಲ್ಲಲಾಗಲಿಲ್ಲ. ಕಾರ್ತಿಕದ ಆ ಭಾನುವಾರ, ಒದ್ದೆ ಸಲವಾರದಲ್ಲಿ ಕಟ್ಟೆಯ ಮೇಲೆ ಕೂತ ನನ್ನ ಮಗಳು ಕಣ್ಣಿಗೆ ಕಟ್ಟಿದಳು. ಹೊಸಮನಿ ಮೇಡಂ ಆ ದಿನ ಕರಗಿ ಗೇಟು ತೆಗೆದಿದ್ದರೆ ಇವತ್ತು ಆ ಹುಡುಗನ ಜಾಗದಲ್ಲಿ ಯಾರಿರುತ್ತಿದ್ದರು?

ಬೇವಿನ ಗಿಡದ ನೆರಳು ಸರಿದ ಹಾಗೆ ನಾವೂ ಸರಿಯುತ್ತ ಕೂತೆವು. ನಮ್ಮವರು ನೀರಿನ ಬಾಟಲಿ ನನ್ನ ಕಡೆ ಸರಿಸುವುದು, ನಾನು ಅವರ ಕಡೆ ಸರಿಸುವುದು. ನಾಲ್ಕರ ಹೊತ್ತಿಗೆ ಬಿಸಿಗಾಳಿ ಎದ್ದು ಧೂಳು ಮುಖಕ್ಕೆ ಬಡಿಯಿತು. ಈಗ ಯಾವ ಲೆಕ್ಕದ ಮುಂದೆ ಕೂತಿದ್ದಾಳೋ, ಕೈ ಎಲ್ಲಿ ಹೋಗುತ್ತಿದೆಯೋ. ಬಿಡು ಮಗಳೇ, ಬಿಟ್ಟು ಮುಂದೆ ಹೋಗು ಎಂದು ಮಂತ್ರದ ಹಾಗೆ ಅಂದುಕೊಂಡೆ. ಪಂಚಾಕ್ಷರಿ ನಡುವೆ ನಡುವೆ ಅದೇ ಬಾಯಿಗೆ ಬರುತ್ತಿತ್ತು.

ಐದಕ್ಕೆ ಮಕ್ಕಳು ಹೊರಬಂದರು. ಪವಿತ್ರಾ ಬಂದು ನನ್ನ ಹತ್ತಿರ ನಿಂತು, ಕಳ್ಳತನ ಒಪ್ಪಿಕೊಳ್ಳುವವರ ಹಾಗೆ ತಗ್ಗಿದ ದನಿಯಲ್ಲಿ, “ಅವ್ವಾ, ಏಳು ಖಾಲಿ ಬಿಟ್ಟು ಬಂದೇನಿ” ಅಂದಳು. ನಮ್ಮವರು ಗಾಬರಿಯಾಗಿ ನನ್ನ ಮುಖ ನೋಡಿದರು. ನಾನು ಅವಳ ತೋಳಿಗೆ ತಾಯಿತ ಕಟ್ಟಿದೆ.

ಮರುದಿನವೇ ಗೋಧಿ ಹುಗ್ಗಿ ಮಾಡಿ, ಅದೇ ಸ್ಟೀಲ್ ಡಬ್ಬಿಯಲ್ಲಿ ಹಾಕಿಕೊಂಡು ನಾವಿಬ್ಬರೂ ಮುಂಡರಗಿ ಬಸ್ಸು ಹತ್ತಿ, ಅಲ್ಲಿಂದ ಹಮ್ಮಿಗಿಗೆ ಹೋದೆವು. ಮೇಡಂ ತಮ್ಮನ ಮನೆಯ ಪಡಸಾಲೆಯಲ್ಲಿ ಗೋಡೆಗೆ ಒರಗಿ ಕೂತಿದ್ದರು. ಹೊಳೆಯ ಕಡೆಯಿಂದ ಗಾಳಿ ಬರುತ್ತಿತ್ತು. ಮೈ ಅರ್ಧವಾಗಿತ್ತು, ಕೈಗಡಿಯಾರ ಮಣಿಕಟ್ಟಿನಲ್ಲಿ ತಿರುಗುತ್ತಿತ್ತು. ಪೇಪರ್ ಸುಲಭವಿತ್ತೇ, ಎಷ್ಟು ಬರಬಹುದು ಎಂದು ಏನೂ ಕೇಳಲಿಲ್ಲ.

“ಎಷ್ಟು ಬಿಟ್ಟಿ?”

“ಏಳ್ರಿ ಮೇಡಂ.”

“ಬಿಟ್ಟಿದ್ದಕ್ಕ ಈಗ ಕೆಡಕ ಅನಸ್ತೈತೇನು?”

ಪವಿತ್ರಾ ಯೋಚಿಸಿದಳು. “ಒಂದಕ್ಕ ಅನಸ್ತೈತ್ರಿ. ಅದು ಬರತಿತ್ತೇನೋ ಅಂತ.”

“ಒಂದಕ್ಕ ಅನಸಲಿ” ಅಂದರು ಮೇಡಂ. “ಏಳಕ್ಕೂ ಅನಸಬಾರದು, ಒಂದಕ್ಕೂ ಅನಸದಂಗೂ ಇರಬಾರದು.” ಆಮೇಲೆ ಉಸಿರು ತೆಗೆದುಕೊಂಡು ತಮ್ಮ ಬೇನೆಯ ಮಾತು ಎತ್ತಿದರು. “ನನ್ನ ನೋಡಿ ಇಬ್ಬರು ಡಾಕ್ಟರು ಎರಡು ಹೇಳಿದ್ರು. ಮೂರನೇದಾಕಿ ಒಂದು ಸಣ್ಣ ಹುಡುಗಿ, ನಿನ್ನಷ್ಟ. ನನಗ ಗೊತ್ತಾಗವಲ್ದ್ರಿ ಅಮ್ಮಾ, ಹುಬ್ಬಳ್ಳಿಗೆ ಹೋಗ್ರಿ ಅಂದ್ಲು. ಪೂರಾ ಮಾರ್ಕ್ಸ್ ಕೊಟ್ಟೆ ಅಕಿಗೆ.” ಹುಬ್ಬಳ್ಳಿಯಲ್ಲಿ ಏನು ಹೇಳಿದರೆಂದು ಮಾತ್ರ ಹೇಳಲಿಲ್ಲ. ನಾನು ಅವರ ತಮ್ಮನ ಹೆಂಡತಿಯ ಮುಖ ನೋಡಿದೆ. ಆಕೆ ಒಳಗೆ ಎದ್ದು ಹೋದಳು.

ಹೊರಡುವಾಗ ಡಬ್ಬಿ ತೆಗೆದುಕೊಳ್ಳಲು ಹೋದೆ. ಮೇಡಂ ಅದರ ಮೇಲೆ ಕೈ ಇಟ್ಟರು. ಹುಗ್ಗಿ ನಾಲ್ಕು ದಿನ ಉಣ್ಣುತ್ತೇನೆ, ಆಮೇಲೆ ಒಯ್ಯಿರಿ ಎಂದರು. ಪವಿತ್ರಾ ಕಾಲಿಗೆ ನಮಸ್ಕಾರ ಮಾಡಿದಾಗ ತಲೆಯ ಮೇಲೆ ಕೈ ಇಟ್ಟು, ಗಡಿಯಾರ ನೋಡಿ, ಬಸ್ಸಿಗೆ ಹೊತ್ತಾಗುತ್ತದೆ ಎಂದು ನಮ್ಮನ್ನು ಎಬ್ಬಿಸಿ ಕಳಿಸಿದರು.

ಫಲಿತಾಂಶ ಬರುವ ಮುಂಚೆಯೇ ಅವರು ಹೋದರು. ಅವರ ತಮ್ಮ ಫೋನು ಮಾಡಿದ್ದರು. ನಾವು ಹಮ್ಮಿಗಿ ಮುಟ್ಟುವ ಹೊತ್ತಿಗೆ ಮಣ್ಣು ಮುಗಿದಿತ್ತು. ಮುಂಡರಗಿ, ಬೆಟಗೇರಿಯ ಹಳೇ ವಿದ್ಯಾರ್ಥಿಗಳು ಅಂಗಳದ ತುಂಬ ಇದ್ದರು, ಯಾರೂ ಗದ್ದಲ ಮಾಡುತ್ತಿರಲಿಲ್ಲ, ಪರೀಕ್ಷೆಗೆ ಕೂತವರ ಹಾಗೆ. ಹೊರಡುವಾಗ ಅವರ ತಮ್ಮನ ಹೆಂಡತಿ ನನ್ನ ಡಬ್ಬಿ ತಂದಳು. ತೊಳೆದು ಒರೆಸಿದ್ದಳು. ನನ್ನ ಕೈಗೆ ಕೊಡಲು ಅನುಮಾನಿಸಿದಳು.

“ಸಾವಿನ ಮನಿಯಿಂದ ಏನೂ ಹಾಕಿ ಕಳಸಬಾರದ್ರಿ ಅಕ್ಕಾರ. ಖಾಲಿ ಕೊಡಾಕತ್ತೇನಿ, ಏನೂ ತಿಳಕೋಬ್ಯಾಡ್ರಿ.”

ನಾನು ಎರಡೂ ಕೈಯಿಂದ ಇಸಿದುಕೊಂಡೆ. ಈ ಮನೆಯಿಂದ ನನಗೆ ಖಾಲಿ ಬರುವುದೇ ರೂಢಿ ಎಂದು ಹೇಳಬೇಕೆಂದಿದ್ದೆ. ಡಬ್ಬಿಗೆ ಸೆರಗು ಮುಚ್ಚಿಕೊಂಡು ಹೊರಟೆ.

ಪವಿತ್ರಾಳಿಗೆ ಸರಕಾರಿ ಸೀಟು ಸಿಕ್ಕಿತು, ಬೀದರಿನಲ್ಲಿ. ಸೀಟು ಹಂಚಿಕೆಯ ಎರಡನೆಯ ಸುತ್ತಿನಲ್ಲಿ, ಅಂಚಿನ ಮೇಲೆ. ಆ ಏಳರಲ್ಲಿ ಎರಡು ಮೂರು ತಪ್ಪು ತುಂಬಿದ್ದರೂ ಹೋಗುತ್ತಿತ್ತು ಎಂದು ಅವಳೇ ಲೆಕ್ಕ ಹಾಕಿ ಹೇಳಿದಳು. ಕೇಳಿದ ದಿನ ಪೂಜೆಯಾದ ಮೇಲೆ ಬೆರಳು ಮಡಚಲು ಹೋದೆ, ಒಂದನ್ನೇ ಮಡಚಿ ಅದನ್ನೇ ಹಿಡಿದು ಕೂತೆ. ನಮ್ಮವರು ಅಂಗಡಿಯಲ್ಲಿ ಪೇಡೆ ಹಂಚಿ ಬಂದರು. ನಾದಿನಿಯೂ ಬಂದು ಪೇಡೆ ತಿಂದು ಹೋದಳು. ಬೆಟಗೇರಿಯ ಆ ಮನೆಗೆ ಈಗ ಯಾರೋ ಬಾಡಿಗೆಗೆ ಬಂದಿದ್ದಾರೆ. ಗೇಟು ಸದಾ ತೆರೆದೇ ಇರುತ್ತದೆ. ಆ ಕಡೆ ಹೋದಾಗ ಮುಚ್ಚಿ ಬರಬೇಕು ಅನ್ನಿಸುತ್ತದೆ.

ಮೊನ್ನೆ ಪವಿತ್ರಾ ರಜೆಗೆ ಬಂದಾಗ ನಳಕ್ಕೆ ನೀರು ಬಂತು. ತಾಯಿ ಮಗಳು ಸೇರಿ ಕೊಡ, ಬಕೀಟು, ಹಂಡೆ, ತಂಬಿಗೆ, ಲೋಟ ಎಲ್ಲ ತುಂಬಿದೆವು. ನೀರಿನ್ನೂ ಬರುತ್ತಿತ್ತು. ನಮ್ಮ ನಳದಿಂದ ಹಿಡಿಯಲು ಬಂದ ನಿಂಗವ್ವಕಾಕು, ಮಾಡದಲ್ಲಿ ಒಂದೇ ಒಂದು ಉಳಿದಿದ್ದ ಆ ಸ್ಟೀಲ್ ಡಬ್ಬಿಯನ್ನು ನೋಡಿ, ಅದೊಂದು ಯಾಕ ಮರತೀರಿ ಎಂದು ಕೇಳಿದರು. ನಾನು ಬಾಯಿ ತೆರೆಯುವಷ್ಟರಲ್ಲಿ ಪವಿತ್ರಾ ಪೈಪು ಎತ್ತಿ ಆಚೆ ಹಿಡಿದಳು.

“ಮರತಿಲ್ರಿ ಕಾಕು, ಬಿಟ್ಟೇವಿ. ನಿಮ್ಮ ಕೊಡ ತರ್ರಿ.”